ಹಗುರ ಕಾರ್ಯಾಚರಣ ವ್ಯವಸ್ಥೆ: ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ

ಕಡಿಮೆ ಮೆಮೊರಿ, ಹಳೆಯ ಪ್ರೊಸೆಸರ್ ಉಳ್ಳ ಕಂಪ್ಯೂಟರಿನಲ್ಲೂ ತಡವರಿಸದೆ ನಡೆಯುವ ಕಾರ್ಯಾಚರಣ ವ್ಯವಸ್ಥೆ. ಇದರ ಚರಿತ್ರೆಯನ್ನು ಮೆಗಾಬೈಟುಗಳ ಲೆಕ್ಕದಲ್ಲಿ ಬರೆಯುವುದು ರೂಢಿ. ಕನ್ನಡದ ಮಟ್ಟಿಗೆ ಆ ಲೆಕ್ಕ ಅರ್ಧ ಮಾತ್ರ. ಒತ್ತಕ್ಷರ ಸರಿಯಾಗಿ ಮೂಡುತ್ತದೆಯೇ, ಹಳೆಯ ಕಡತ ತೆರೆಯುತ್ತದೆಯೇ ಎಂಬುದೂ ಅಷ್ಟೇ ಮುಖ್ಯ.

ಜಾಗತಿಕ ಕಥೆ ಪರಿಚಿತ: 1991ರಲ್ಲಿ ಲಿನಕ್ಸ್, 2003ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಕೌಲರ್ ರೂಪಿಸಿದ ಪಪ್ಪಿ ಲಿನಕ್ಸ್, 50 ಎಂಬಿಯೊಳಗೆ ಅಡಗುತ್ತಿದ್ದ ಡ್ಯಾಮ್ ಸ್ಮಾಲ್ ಲಿನಕ್ಸ್, ಆಮೇಲೆ ಉಬುಂಟುವಿನ ಹಗುರ ರೂಪವಾದ ಲುಬುಂಟು.

ಕರ್ನಾಟಕದ ಭಾಗದಲ್ಲಿ ಗೊಂದಲ ಹೆಚ್ಚು. ಬೆಂಗಳೂರಿನ ಸಿಂಪ್ಯೂಟರನ್ನು ಸೋತ ಅಗ್ಗದ ಯಂತ್ರವೆಂದಷ್ಟೇ ನೆನೆಯುವುದುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ಈ ಅಂಗೈ ಯಂತ್ರದ ಮಾದರಿ 2001ರಲ್ಲಿ ಹೊರಬಂತು. 206 ಮೆಗಾಹರ್ಟ್ಸ್ ಪ್ರೊಸೆಸರ್, 32ರಿಂದ 64 ಎಂಬಿ ಮೆಮೊರಿ. ಅದರಲ್ಲೇ ಲಿನಕ್ಸ್ ನಡೆಯಿತು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂದರೂ ಮಾರಾಟ ಕುದುರಲಿಲ್ಲ. ಸಿಂಪ್ಯೂಟರ್ ಹಳೆಯ ಯಂತ್ರವಾಗಿರಲಿಲ್ಲ, ನಿಜ. ಆದರೆ ಕಿರಿದಾದ ಮೆಮೊರಿಯಲ್ಲಿ ಭಾರತೀಯ ಭಾಷೆಗಳನ್ನು ನಡೆಸುವ ಪ್ರಶ್ನೆಯನ್ನು ಇಲ್ಲಿ ನೇರವಾಗಿ ಎದುರಿಸಿದ್ದು ಇದೇ.

ಹೆಚ್ಚು ಮಸುಕಾಗಿರುವುದು ಫಾಂಟಿನ ಅಧ್ಯಾಯ. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡ ತಿಳಿಯದು; ಎಕ್ಸ್‌ಪಿಯೊಂದಿಗೆ 'ತುಂಗ' ಫಾಂಟು ಬಂತು. 'ಬರಹ' ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಅಕ್ಷರ ಜೋಡಿಸುವ ಪ್ರತ್ಯೇಕ ತಂತ್ರಾಂಶ ಬೇಡವಾದ್ದರಿಂದ ಎಂಥ ಬಡ ಯಂತ್ರದಲ್ಲೂ ನಡೆದವು. ಹಗುರವೆಂದರೆ ಅವೇ ಹಗುರ. ಇತ್ತ ಕೆಲವು ಹಗುರ ಲಿನಕ್ಸ್‌ಗಳು ಮೆಮೊರಿ ಉಳಿಸಲು ಕೈಬಿಟ್ಟದ್ದು ಒತ್ತಕ್ಷರ ಜೋಡಿಸುವ ಭಾಗವನ್ನೇ: ಡ್ಯಾಮ್ ಸ್ಮಾಲ್ ಲಿನಕ್ಸ್ ನೆಚ್ಚಿಕೊಂಡ ಹಳೆಯ ಜಿಟಿಕೆಯಲ್ಲಿ (ಕಿಟಕಿ, ಗುಂಡಿಗಳನ್ನು ಮೂಡಿಸುವ ತಂತ್ರಾಂಶ) ಅಕ್ಷರ ಜೋಡಿಸುವ 'ಪ್ಯಾಂಗೊ' ಇರಲಿಲ್ಲ. ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿ ಊರಿನಲ್ಲಿ ಹಳೆಯ ಪೆಂಟಿಯಂಗೆ ಲಿನಕ್ಸ್ ಹಾಕಿದವರ ಮುಂದೆ ನುಡಿಯ ಕಡತ 'PÀ£ÀßqÀ'ದಂಥ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಫಾಂಟನ್ನೂ ತಂದು ಹಾಕಿದರೆ ಓದಬಹುದು; ತಿದ್ದುವುದು ಕಷ್ಟ. ಸರ್ಕಾರ ಯೂನಿಕೋಡನ್ನು ಒಪ್ಪಿದ ಮೇಲೂ ಹಳೆಯ ಕಡತಗಳು ಹಾಗೇ ಉಳಿದವು.

ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ಶಿಕ್ಷಕರಿಗೆ ಪರಿಚಯಿಸಿದ್ದು 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆ. ಅಲ್ಲಿ ಬಳಸಿದ ಉಬುಂಟು ಹಗುರವೇನಲ್ಲ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ನಿಂತದ್ದನ್ನು ದೊಡ್ಡ ತಿರುವೆನ್ನುತ್ತಾರೆ. ಹಳೆಯ ಯಂತ್ರಗಳಿಗೆ ಅದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು 32 ಬಿಟ್ ಪ್ರೊಸೆಸರುಗಳಿಗಿದ್ದ ಬೆಂಬಲದ ನಿರ್ಗಮನ. ಉಬುಂಟು 2017ರಲ್ಲಿ 32 ಬಿಟ್ ಡೆಸ್ಕ್‌ಟಾಪ್ ಪ್ರತಿ ನಿಲ್ಲಿಸಿತು; 2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ ಅಂಥ ಯಂತ್ರಕ್ಕೆ ಹೊಸದಾಗಿ ಅಳವಡಿಸುವ ದಾರಿಯೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಈ ಸಲ ಮೂಲೆಗೆ ಬಿದ್ದವುಗಳಲ್ಲಿ 4 ಜಿಬಿ ಮೆಮೊರಿಯ 64 ಬಿಟ್ ಲ್ಯಾಪ್‌ಟಾಪುಗಳೂ ಇವೆ. ಅವುಗಳಲ್ಲಿ ಲುಬುಂಟು ಸಲೀಸಾಗಿ ನಡೆಯುತ್ತದೆ, ಯೂನಿಕೋಡ್ ಕನ್ನಡವೂ ಸರಿಯಾಗಿ ಮೂಡುತ್ತದೆ. ಮೆಮೊರಿ ತಿನ್ನುವುದು ಈಗ ಬ್ರೌಸರು. ರಾಜ್ಯ ಸರ್ಕಾರದ ಸೇವೆಗಳ ಜಾಲತಾಣವಾದ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಲು ಅದು ಬೇಕೇ ಬೇಕು.