ರಿಚಿ ಫ್ಯೂರೇ: ವೇದಿಕೆಯಿಂದ ಪ್ರಾರ್ಥನಾ ಸಭೆಗೆ

ರೇಡಿಯೋದಲ್ಲಿ ಈಗಲ್ಸ್ ತಂಡದ ಹಾಡು ಬಂದರೆ ನಮ್ಮ ಮನೆಗಳಲ್ಲಿ ಮಕ್ಕಳು ಮಾತ್ರವಲ್ಲ, ಅಪ್ಪಂದಿರೂ ಗುನುಗುವುದುಂಟು. ಆ ಬಗೆಯ ಸಂಗೀತಕ್ಕೆ, ಅಂದರೆ ಕಂಟ್ರಿ-ರಾಕ್‌ಗೆ, ದಾರಿ ಕಡಿದವರಲ್ಲಿ ಒಬ್ಬರಾದ ರಿಚಿ ಫ್ಯೂರೇ ಅವರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಕೇಳಿದ ಕೆಲವರೂ "ಹಾಡು ಬಿಟ್ಟು ಪಾದ್ರಿಯಾದವರಲ್ಲವೇ?" ಎನ್ನುತ್ತಾರೆ. ಆ ಮಾತು ಪೂರ್ತಿ ಸರಿಯಲ್ಲವೆಂದು ನಮ್ಮ ಎಣಿಕೆ.

ಫ್ಯೂರೇ ಹುಟ್ಟಿದ್ದು 1944ರಲ್ಲಿ, ಓಹಾಯೋದ ಯೆಲ್ಲೋ ಸ್ಪ್ರಿಂಗ್ಸ್‌ನಲ್ಲಿ. ನ್ಯೂಯಾರ್ಕಿಗೆ ಹೋಗಿ ಜನಪದ ಗೀತೆಗಳನ್ನು ಹಾಡುತ್ತಿದ್ದಾಗ ಸ್ಟೀಫನ್ ಸ್ಟಿಲ್ಸ್ ಅವರ ಸ್ನೇಹವಾಯಿತು. 1966ರಲ್ಲಿ ಇಬ್ಬರೂ ಲಾಸ್ ಏಂಜಲೀಸ್‌ನ ಸನ್‌ಸೆಟ್ ಬುಲೆವಾರ್ಡ್‌ನ ವಾಹನ ಸಂದಣಿಯಲ್ಲಿದ್ದಾಗ, ಶವ ಸಾಗಿಸುವ ಕರಿಯ ಕಾರೊಂದು ಕೆನಡಾದ ನಂಬರ್ ಹೊತ್ತು ಎದುರಾಯಿತಂತೆ. ಒಳಗಿದ್ದವರು ನೀಲ್ ಯಂಗ್ ಮತ್ತು ಬ್ರೂಸ್ ಪಾಮರ್! ಹೀಗೆ ಕೂಡಿದ ತಂಡಕ್ಕೆ ರಸ್ತೆ ಸಮ ಮಾಡುವ ರೋಲರ್ ಯಂತ್ರದ ಹೆಸರನ್ನೇ ಇಟ್ಟರು: ಬಫಲೋ ಸ್ಪ್ರಿಂಗ್‌ಫೀಲ್ಡ್. ಹೆಸರು ಬಂತು, ಜಗಳವೂ ಬಂತು. 1968ರಲ್ಲಿ ತಂಡ ಒಡೆಯಿತು.

ಆ ತಂಡದ ಕೊನೆಯ ತಟ್ಟೆಗಾಗಿ ಫ್ಯೂರೇ ತಮ್ಮ ಮಡದಿ ನ್ಯಾನ್ಸಿಯನ್ನು ಕುರಿತು ಒಂದು ಹಾಡು ಕಟ್ಟಿದ್ದರು. ಅದಕ್ಕೆ ಪೆಡಲ್ ಸ್ಟೀಲ್ ನುಡಿಸಲು ಬಂದವರು ರಸ್ಟಿ ಯಂಗ್. ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತ, ಕಾಲಿನಿಂದ ಪೆಡಲ್ ಒತ್ತಿ ಸ್ವರವನ್ನು ಬಾಗಿಸುವ ವಾದ್ಯ ಅದು. ಗಮಕಕ್ಕೆ ಒಗ್ಗಿದ ನಮ್ಮ ಕಿವಿಗೆ ಥಟ್ಟನೆ ಹಿಡಿಸುತ್ತದೆ. ಫ್ಯೂರೇ, ಜಿಮ್ ಮೆಸ್ಸೀನಾ ಮತ್ತು ಈ ರಸ್ಟಿ ಸೇರಿ ಕಟ್ಟಿದ್ದೇ 'ಪೋಕೋ'. ಹಳ್ಳಿಗಾಡಿನ ವಾದ್ಯವನ್ನು ರಾಕ್ ಸಂಗೀತದ ನಡುಮನೆಗೆ ತಂದವರಲ್ಲಿ ಈ ತಂಡದವರು ಮೊದಲಿಗರು. ಆದರೆ ನೆಟ್ಟವರೊಬ್ಬರು, ಹಣ್ಣು ತಿಂದವರು ಇನ್ನೊಬ್ಬರು. ಪೋಕೋ ಬಿಟ್ಟ ರ‍್ಯಾಂಡಿ ಮೈಸ್ನರ್ 1971ರಲ್ಲಿ ಈಗಲ್ಸ್ ಕಟ್ಟಿದವರಲ್ಲಿ ಒಬ್ಬರಾದರು. ಅವರ ಜಾಗಕ್ಕೆ ಪೋಕೋಗೆ ಬಂದಿದ್ದ ಟಿಮೊತಿ ಶ್ಮಿಟ್ ಕೂಡ 1977ರಲ್ಲಿ ಅಲ್ಲಿಗೇ ಹೋದರು. 1972ರಲ್ಲಿ ತಾವು ಬಹಳ ನೆಚ್ಚಿದ್ದ ಹಾಡನ್ನು ರೇಡಿಯೋದವರು ಕೈಹಿಡಿಯದೆ ಹೋದಾಗ ಫ್ಯೂರೇಗೆ ಮನಸ್ಸು ಮುರಿಯಿತು. 1973ರಲ್ಲಿ ಹೊರಬಂದರು. ಪೋಕೋಗೆ ದೊಡ್ಡ ಗೆಲುವು ಸಿಕ್ಕಿದ್ದು 1979ರಲ್ಲಿ, ಅವರಿಲ್ಲದೆ.

ಮೂರನೆಯದು ಸೌದರ್-ಹಿಲ್‌ಮನ್-ಫ್ಯೂರೇ ತಂಡ. ಅದಕ್ಕೆ ಪೆಡಲ್ ಸ್ಟೀಲ್ ವಾದಕರಾಗಿ ಆಲ್ ಪರ್ಕಿನ್ಸ್ ಬರುವುದು ಫ್ಯೂರೇಗೆ ಬೇಡವಾಗಿತ್ತು. ಪರ್ಕಿನ್ಸ್ ಅವರ ವಾದ್ಯದ ಮೇಲೆ ಕ್ರೈಸ್ತರ ಮೀನಿನ ಗುರುತು ಅಂಟಿಸಿತ್ತು. ಇಂಥ ಭಕ್ತರಿಂದ ತಮ್ಮ ಯಶಸ್ಸಿಗೆ ಅಡ್ಡಿಯಾದೀತೆಂಬ ಅಳುಕು. 1974ರಲ್ಲಿ ಮೊದಲ ತಟ್ಟೆ ಚಿನ್ನದ ಮನ್ನಣೆ ಪಡೆಯಿತು. ಅದೇ ಹೊತ್ತಿಗೆ ಮನೆ ಬಿರುಕು ಬಿಡತೊಡಗಿತ್ತು. ಯಾರನ್ನು ಬೇಡವೆಂದಿದ್ದರೋ ಆ ಪರ್ಕಿನ್ಸ್ ಅವರೇ ಫ್ಯೂರೇಯನ್ನು ಯೇಸುವಿನ ನಂಬಿಕೆಗೆ ಕರೆತಂದರು. ನಂಬಿದ ಕೂಡಲೇ ಸಂಸಾರ ಸರಿಹೋಯಿತೆಂದು ಯಾರೂ ತಿಳಿಯಬಾರದು. ಆ ಬಳಿಕವೂ ನ್ಯಾನ್ಸಿ ದೂರವಾಗಿ, ಕೆಲವು ತಿಂಗಳ ಮೇಲೆ ಮತ್ತೆ ಕೂಡಿದರು.

ಆಮೇಲಿನದು ಕೊಲರಾಡೋದ ಕತೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಉದ್ದ ಕೂದಲಿನ ಹುಡುಗರನ್ನು ಗಿಟಾರ್ ಸಮೇತ ಒಳಗೆ ಕರೆದುಕೊಂಡಿದ್ದ ಕ್ಯಾಲ್ವರಿ ಚಾಪೆಲ್ ಪಂಥವನ್ನು ಸೇರಿ, ಬ್ರೂಮ್‌ಫೀಲ್ಡ್ ಊರಿನ ಸಭೆಗೆ ಫ್ಯೂರೇ ಪಾದ್ರಿಯಾದರು. ಮೂರು ದಶಕಗಳಿಗೂ ಹೆಚ್ಚು ಕಾಲ ಅದನ್ನು ನಡೆಸಿದರು. ಅವರ ಮೂರು ತಂಡಗಳಲ್ಲಿ ಅವರು ಕಳೆದ ವರ್ಷಗಳನ್ನೆಲ್ಲ ಕೂಡಿಸಿದರೂ ಹತ್ತಾಗುವುದಿಲ್ಲ!

1989ರಲ್ಲಿ ಪೋಕೋದ ಹಳಬರು ಮತ್ತೆ ಕೂಡಿ ತಂದ ತಟ್ಟೆ ಚೆನ್ನಾಗಿ ಓಡಿತು. ಅಷ್ಟು ವರ್ಷ ಕಾದಿದ್ದ ಗೆಲುವು ಬಾಗಿಲಿಗೆ ಬಂದಿತ್ತು. ಆದರೆ ಕೆಲವು ಹಾಡುಗಳ ಶೃಂಗಾರದ ಮಾತುಗಳಿಗೆ ಫ್ಯೂರೇ ಆಕ್ಷೇಪವೆತ್ತಿದರು. ಪ್ರವಾಸದಿಂದಲೂ ಬೇಗನೆ ಹಿಂದೆ ಸರಿದರು. ಗೆಳೆಯರಿಗೆ ಬೇಸರವಾಗಿದ್ದರೆ ತಪ್ಪೇನಿಲ್ಲ. ಆದರೆ ವಾರದ ಕೊನೆಗೆ ಸಭೆಯ ಮುಂದೆ ನಿಲ್ಲಬೇಕಾದವರು ಅವರೊಬ್ಬರೇ ತಾನೆ?

ಹಾಡಂತೂ ನಿಲ್ಲಲಿಲ್ಲ. ಭಕ್ತಿಗೀತೆಗಳ ತಟ್ಟೆಗಳು ಬಂದವು. 2011ರಲ್ಲಿ ಸ್ಟಿಲ್ಸ್, ನೀಲ್ ಯಂಗ್ ಜೊತೆ ಬಫಲೋ ಸ್ಪ್ರಿಂಗ್‌ಫೀಲ್ಡ್ ಹೆಸರಿನಲ್ಲಿ ಕೆಲವು ಕಛೇರಿಗಳೂ ನಡೆದವು. ದೊಡ್ಡ ಪ್ರವಾಸದ ಮಾತು ಎದ್ದು, ಅಲ್ಲಿಗೇ ತಣ್ಣಗಾಯಿತು. ಫ್ಯೂರೇ ಬ್ರೂಮ್‌ಫೀಲ್ಡಿನ ತಮ್ಮ ಸಭೆಗೆ ಮರಳಿದರು.