ಒಂದೇ ಪಾತ್ರೆ, ನಡುವೆ ಒಂದು ಗೆರೆ

2016ರ ಡಿಸೆಂಬರ್. ಆನ್‌ಸೈಟ್ ಅಂತ ಜ್ಯೂರಿಕ್‌ಗೆ ಹೋಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕ್ರಿಸ್‌ಮಸ್ ರಜೆಗೆ ಮುಂಚೆ ಟೀಮಿನವರೆಲ್ಲ ಸೇರಿ ಊಟಕ್ಕೆ ಹೋದೆವು. ಮೇಜಿನ ನಡುವೆ ಪುಟ್ಟ ಒಲೆ, ಅದರ ಮೇಲೆ ದಪ್ಪನೆಯ ಪಾತ್ರೆ, ಒಳಗೆ ವೈನ್ ಹಾಕಿ ಕರಗಿಸಿದ ಚೀಸು ಗುಳುಗುಳು ಅಂತಿತ್ತು. ಆರು ಜನಕ್ಕೆ ಆರು ಉದ್ದನೆಯ ಫೋರ್ಕು. ಬ್ರೆಡ್ ತುಂಡು ಚುಚ್ಚಬೇಕು, ಅದ್ದಬೇಕು, ಬಾಯಿಗಿಡಬೇಕು. ಆಮೇಲೆ ಅದೇ ಫೋರ್ಕು ಮತ್ತೆ ಅದೇ ಪಾತ್ರೆಗೆ. ಇದೇ ಫಾಂಡ್ಯು.

ನನ್ನ ಕೈ ಅಲ್ಲೇ ನಿಂತಿತು. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಬೆಳೆದವನು ನಾನು. ನೀರಿನ ಚೊಂಬನ್ನು ತುಟಿಗೆ ತಾಗಿಸಿದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಎಂಜಲು ಅಂದರೇನು ಅಂತ ಪಕ್ಕದಲ್ಲಿದ್ದವನಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಸೋತೆ. ಅವನು ನಕ್ಕು, "ಇದು ನಮ್ಮ ನೂರಾರು ವರ್ಷದ ಸಂಪ್ರದಾಯ. ಬೆಟ್ಟದ ಮೇಲಿನ ದನಗಾಹಿಗಳು ಚಳಿಗಾಲದಲ್ಲಿ ಒಣಗಿದ ಬ್ರೆಡ್ಡು, ಗಟ್ಟಿಯಾದ ಚೀಸು ಹೀಗೇ ತಿಂತಿದ್ರು" ಅಂದ. ಕೊನೆಗೆ ಹಸಿವು ಗೆದ್ದಿತು. ತಿಂದೆ. ಸುಳ್ಳು ಹೇಳಲ್ಲ, ಬಹಳ ಚೆನ್ನಾಗಿತ್ತು.

ಆ ರಾತ್ರಿ ರೂಮಿಗೆ ಬಂದು ಓದಲು ಕೂತವನಿಗೆ ಗೊತ್ತಾಗಿದ್ದು ಬೇರೆಯೇ ಕತೆ.

ಚೀಸನ್ನು ವೈನಿನಲ್ಲಿ ಬೇಯಿಸುವ ವಿಧಾನ 1699ರಲ್ಲೇ ಜ್ಯೂರಿಕ್‌ನ ಒಂದು ಅಡುಗೆ ಪುಸ್ತಕದಲ್ಲಿದೆ. ಅಂದರೆ ಮೊದಲು ಸಿಗುವ ದಾಖಲೆಯೇ ಪಟ್ಟಣದ್ದು, ದನಗಾಹಿಗಳದ್ದಲ್ಲ. ಒಳ್ಳೆಯ ಗ್ರುಯೇರ್ ಚೀಸು ಹೊರದೇಶಕ್ಕೆ ಹೋಗಿ ದುಡ್ಡು ತರುವ ಸರಕು. ಅದನ್ನು ಮಾಡಿದ ಬಡವ ತಾನೇ ಕರಗಿಸಿಕೊಂಡು ತಿನ್ನುತ್ತಿದ್ದ ಅನ್ನೋದು ನಂಬಲು ಕಷ್ಟ. ನಮ್ಮೂರಲ್ಲೂ ಒಳ್ಳೆ ಕೊಬ್ಬರಿ ಮಂಡಿಗೆ ಹೋಗುತ್ತಿತ್ತು, ಮನೆಗೆ ಉಳಿಯುತ್ತಿದ್ದದ್ದು ಒಡೆದ ಚೂರು. 20ನೇ ಶತಮಾನದ ಆರಂಭದವರೆಗೂ ಫಾಂಡ್ಯು ಹೆಚ್ಚಾಗಿ ಫ್ರೆಂಚ್ ಮಾತಾಡುವ ಪಶ್ಚಿಮ ಭಾಗದ ಊಟ.

ಹಾಗಾದರೆ ಇಡೀ ದೇಶದ ಊಟ ಆಗಿದ್ದು ಹೇಗೆ? 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಸ್ವಿಸ್ ಚೀಸ್ ಯೂನಿಯನ್ ಅನ್ನೋ ಒಕ್ಕೂಟ ಹುಟ್ಟಿತು. ಚೀಸಿನ ಖರೀದಿ, ಬೆಲೆ, ರಫ್ತು ಎಲ್ಲ ಅದರ ಹಿಡಿತಕ್ಕೆ ಬಂತು. ಯಾವ ಚೀಸು ಮಾಡಬೇಕು ಅನ್ನೋದರಲ್ಲೂ ಅದರದ್ದೇ ಮಾತು. ಎಮೆಂಟಾಲ್, ಗ್ರುಯೇರ್, ಸ್ಬ್ರಿಂಜ್‌ಗಳಿಗೆ ಮಣೆ, ಉಳಿದ ಎಷ್ಟೋ ಊರಿನ ಚೀಸುಗಳು ಮೂಲೆಗೆ. 1930ರ ದಶಕದಲ್ಲಿ ಚೀಸು ರಾಶಿ ಬಿದ್ದಾಗ ಒಕ್ಕೂಟಕ್ಕೆ ಹೊಳೆದ ಉಪಾಯ: ಒಂದೇ ಕೂತಕ್ಕೆ ತಲಾ ಕಾಲು ಕೆಜಿಯಷ್ಟು ಚೀಸು ಖಾಲಿ ಮಾಡಿಸುವ ಅಡುಗೆ ಯಾವುದು? ಫಾಂಡ್ಯು! ಅದನ್ನೇ ರಾಷ್ಟ್ರೀಯ ಊಟ ಅಂತ ಪ್ರಚಾರ ಮಾಡಿದರು.

ಕಾಲವೂ ಕೂಡಿ ಬಂತು. ಪಕ್ಕದಲ್ಲಿ ಹಿಟ್ಲರನ ಜರ್ಮನಿ. ನಾಲ್ಕು ಭಾಷೆಗಳ ಪುಟ್ಟ ದೇಶಕ್ಕೆ "ನಾವೆಲ್ಲ ಒಂದೇ" ಅಂತ ತೋರಿಸಿಕೊಳ್ಳುವ ತುರ್ತು. ಎಲ್ಲರೂ ಒಂದೇ ಪಾತ್ರೆಗೆ ಕೈ ಹಾಕುವ ಊಟಕ್ಕಿಂತ ಒಳ್ಳೆ ಜಾಹೀರಾತು ಬೇಕಾ? ಯುದ್ಧ ಮುಗಿದ ಮೇಲೆ ಇದು ಸೈನ್ಯದ ಅಡುಗೆ ಪುಸ್ತಕಕ್ಕೂ ಸೇರಿತು. ಹುಡುಗರು ಕಲಿತು ಮನೆಗೆ ತಂದರು. "ಫಾಂಡ್ಯು ಒಳ್ಳೇದು, ಮನಸ್ಸಿಗೂ ಖುಷಿ" ಅನ್ನೋ ಅರ್ಥದ ಸಾಲಿನ ಮೊದಲ ಅಕ್ಷರಗಳನ್ನು ಜೋಡಿಸಿ "ಫಿಗುಗೆಗ್ಲ್" ಅಂತ ಒಂದು ಘೋಷಣೆ ಮಾಡಿದರು, ಜನ ಇವತ್ತಿಗೂ ಹೇಳುತ್ತಾರೆ. 1999ರಲ್ಲಿ ಒಕ್ಕೂಟ ಮುಚ್ಚಿತು. ಊಟ ಉಳಿಯಿತು. ಒಂದು ಜನ್ಮದ ಅವಧಿಯಲ್ಲಿ ಜಾಹೀರಾತು "ನಮ್ಮ ಹಿರಿಯರಿಂದ ಬಂದದ್ದು" ಆಗಿಹೋಯಿತು. ಡಿಸೆಂಬರಿನಲ್ಲಿ ಮಕ್ಕಳು, ಮೊಮ್ಮಕ್ಕಳು ಸೇರಿ ಪಾತ್ರೆಯ ತಳದ ಸೀಕಲಿಗೆ ಕಿತ್ತಾಡುವುದನ್ನು ಆಮೇಲೆ ನಾನೇ ನೋಡಿದೆ. ಆ ಖುಷಿ ಸುಳ್ಳಲ್ಲ.

ಆದರೆ ಒಂದೇ ಪಾತ್ರೆಯ ಕತೆ ಆ ದೇಶದಲ್ಲಿ ಒಕ್ಕೂಟಕ್ಕಿಂತ ಬಹಳ ಹಳೆಯದು. 1529ರ ಜೂನ್. ಜ್ಯೂರಿಕ್‌ನ ಪ್ರಾಟೆಸ್ಟೆಂಟರಿಗೂ ಮಧ್ಯ ಸ್ವಿಟ್ಜರ್ಲೆಂಡಿನ ಐದು ಕ್ಯಾಥೊಲಿಕ್ ಪ್ರಾಂತ್ಯಗಳಿಗೂ ಯುದ್ಧ ಬೀಳುವುದರಲ್ಲಿತ್ತು. ಕಪ್ಪೆಲ್ ಅನ್ನೋ ಊರಿನ ಬಳಿ ಎರಡೂ ಸೇನೆ ಬೀಡುಬಿಟ್ಟಿದ್ದವು. ನಾಯಕರು ಸಂಧಾನ ಮಾಡುತ್ತಿರುವಾಗ ಸೈನಿಕರಿಗೆ ಹಸಿವು. ಕ್ಯಾಥೊಲಿಕರ ಹತ್ತಿರ ಹಾಲಿತ್ತು, ಜ್ಯೂರಿಕ್‌ನವರ ಹತ್ತಿರ ಬ್ರೆಡ್ಡು. ಗಡಿಯ ಮೇಲೇ ದೊಡ್ಡ ಪಾತ್ರೆ ಇಟ್ಟು, ಹಾಲಿಗೆ ಬ್ರೆಡ್ ಮುರಿದು ಹಾಕಿ, ಎರಡೂ ಕಡೆಯವರು ಕೂತು ತಿಂದರಂತೆ. ಇತಿಹಾಸಕಾರ ಬುಲಿಂಗರ್ ಇದನ್ನು ಬರೆದಿಟ್ಟಿದ್ದಾನೆ. 1869ರಲ್ಲಿ ಆಲ್ಬರ್ಟ್ ಆಂಕರ್ ಚಿತ್ರವನ್ನೂ ಬರೆದ. ಇವತ್ತಿಗೂ ಅಲ್ಲಿ ರಾಜಿ ಅಂದರೆ ಈ ಹಾಲಿನ ಸೂಪೇ ನೆನಪು.

ಕತೆಯಲ್ಲಿ ನನ್ನನ್ನು ಹಿಡಿದದ್ದು ಒಂದು ಸಣ್ಣ ವಿವರ. ಒಂದೇ ಪಾತ್ರೆ ನಿಜ, ಆದರೆ ನಡುವೆ ಕಣ್ಣಿಗೆ ಕಾಣದ ಗೆರೆ. ಅವರವರು ಅವರವರ ಅರ್ಧದಿಂದಲೇ ತಿನ್ನಬೇಕು. ಆಚೆ ಕಡೆಗೆ ಚಮಚ ಹಾಕಿದವನಿಗೆ ತಮಾಷೆಗೆ ಏಟು. ಎರಡು ವರ್ಷ ಕಳೆಯುವುದರೊಳಗೆ ತಮಾಷೆ ಮುಗಿಯಿತು. 1531ರಲ್ಲಿ ಜ್ಯೂರಿಕ್ ಆ ಐದು ಪ್ರಾಂತ್ಯಗಳಿಗೆ ಧಾನ್ಯ ಹೋಗದಂತೆ ತಡೆಯಿತು. ಹೌದು, ಬ್ರೆಡ್ ಕೊಟ್ಟಿದ್ದವರೇ. ಅಕ್ಟೋಬರ್‌ನಲ್ಲಿ ಅದೇ ಕಪ್ಪೆಲ್‌ನಲ್ಲಿ ಯುದ್ಧ ಆಯಿತು. ಪ್ರಾಟೆಸ್ಟೆಂಟ್ ನಾಯಕ ಜ್ವಿಂಗ್ಲಿ ಅಲ್ಲೇ ಸತ್ತ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಗಿಣ್ಣು. ಚೀಸು, ಗಿಣ್ಣು ದೂರದ ದಾಯಾದಿಗಳು. ಗ್ರುಯೇರ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ನಮ್ಮ ಗಿಣ್ಣುಹಾಲಿಗೆ ಹೆಪ್ಪೇ ಬೇಡ, ಬಿಸಿ ತಾಗಿದರೆ ತಾನೇ ಗಟ್ಟಿಯಾಗುತ್ತೆ. ಎರಡರಲ್ಲೂ ನಾವು ತಿನ್ನೋದು ಕರುವಿನ ಪಾಲನ್ನೇ. ಎಮ್ಮೆ ಕರು ಹಾಕಿದಾಗ ಅಜ್ಜಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ ಬೀದಿಗೆಲ್ಲ ಹಂಚುತ್ತಿದ್ದಳು. ಗಿಣ್ಣು ಒಬ್ಬರೇ ತಿನ್ನಬಾರದು ಅನ್ನುತ್ತಿದ್ದಳು. ಕೊಟ್ಟ ಪಾತ್ರೆ ಯಾರ ಮನೆಯಿಂದಲೂ ಖಾಲಿ ಬರುತ್ತಿರಲಿಲ್ಲ, ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತಿತ್ತು. ಹಬ್ಬ ಅಂದರೆ ನನಗೆ ಅದೇ.

ಆದರೆ ನಮ್ಮ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದವರ ಪಾಲು ಹಿತ್ತಲ ಬಾಗಿಲಲ್ಲಿ. ಅವರೇ ಪಾತ್ರೆ ತರಬೇಕು. ಅಜ್ಜಿ ಮೇಲಿಂದ ಹಾಕುವಳು, ಕೈ ತಾಗದಂತೆ. ಆ ಎಮ್ಮೆಗೆ ಹುಲ್ಲು ಕೊಯ್ದು ತಂದವರೇ ಅವರು. ಅವರ ಮಗ ನನ್ನ ಕ್ಲಾಸ್‌ಮೇಟ್. ಶಾಲೆಯಲ್ಲಿ ಒಂದೇ ಬೆಂಚು, ನಮ್ಮ ಹಿತ್ತಲಲ್ಲಿ ಆ ಕಡೆ, ಈ ಕಡೆ. ಯಾಕೆ ಅಂತ ಒಂದು ದಿನವೂ ನಾನು ಕೇಳಲಿಲ್ಲ. "ಹಿಂದಿನಿಂದ ಬಂದದ್ದು" ಅಂದುಕೊಂಡು ಸುಮ್ಮನಿದ್ದೆ. ಜ್ಯೂರಿಕ್‌ನಲ್ಲಿ ಎಂಜಲು ಅಂತ ಹಿಂಜರಿದವನು ಅದೇ ನಾನು.

ಊರಿಗೆ ಬರುವಾಗ ಒಂದು ಫಾಂಡ್ಯು ಪಾತ್ರೆ ತಂದಿದ್ದೆ. ಆ ವರ್ಷದ ದೀಪಾವಳಿಗೆ ವೈನ್ ಬದಲು ನಿಂಬೆರಸ ಹಿಂಡಿ, ಅಂಗಡಿಯ ಚೀಸು ಕರಗಿಸಿ ಮಾಡಿದೆ. ಆ ಗೆಳೆಯನನ್ನೂ ಕರೆದೆ. ಅವನೂ ಈಗ ಬೆಂಗಳೂರಲ್ಲೇ ಕೆಲಸದಲ್ಲಿದ್ದಾನೆ. ಮೊದಲ ಸಲ ಮುಂಬಾಗಿಲಿಂದ ಒಳಗೆ ಬಂದ. ಎಲ್ಲರೂ ಸುತ್ತ ಕೂತೆವು. ಅಷ್ಟರಲ್ಲಿ ಅಮ್ಮ ಒಳಗಿಂದ ಬಂದು, ಒಂದು ತಟ್ಟೆಗೆ ಚೀಸು ಬಗ್ಗಿಸಿ, "ನೀನು ಇದರಲ್ಲಿ ಆರಾಮಾಗಿ ತಿನ್ನಪ್ಪ" ಅಂತ ಅವನ ಮುಂದೆ ಇಟ್ಟಳು. ಬಹಳ ಪ್ರೀತಿಯಿಂದಲೇ ಇಟ್ಟಳು. ಅವನು ನನ್ನ ಮುಖ ನೋಡಿದ. ನಾನು ಪಾತ್ರೆ ನೋಡಿದೆ.

ಒಂದು ಮಾರಾಟದ ಒಕ್ಕೂಟ ಐವತ್ತೇ ವರ್ಷದಲ್ಲಿ ಒಂದು ದೇಶಕ್ಕೆ ಒಂದೇ ಪಾತ್ರೆಯಲ್ಲಿ ತಿನ್ನೋದನ್ನು ರೂಢಿ ಮಾಡಿಸಿತು. ಅಂದಮೇಲೆ ಹಿಂದಿನಿಂದ ಬಂದದ್ದನ್ನು ಬದಲಾಯಿಸೋಕೆ ಆಗಲ್ಲ ಅನ್ನೋ ಮಾತು ಸುಳ್ಳು. ಆದರೆ ಬರೀ ಪಾತ್ರೆ ತಂದಿಟ್ಟರೆ ಗೆರೆ ಅಳಿಸಲ್ಲ. ಯಾರಾದರೂ ಬಾಯಿಬಿಟ್ಟು, "ಅಮ್ಮ, ಆ ತಟ್ಟೆ ಬೇಡ" ಅನ್ನಬೇಕಾಗುತ್ತೆ. ಅವತ್ತು ನಾನು ಅನ್ನಲಿಲ್ಲ.

ಈ ದೀಪಾವಳಿಗೂ ಅವನನ್ನು ಕರೆದಿದ್ದೇನೆ. ಬರ್ತೀನಿ ಅಂದಿದ್ದಾನೆ.