ವೆಂಕಟಪ್ಪನವರು ಕಂಡ ಊಟಿಯ ಮಂಜು

ಮೈಸೂರಿನ ಚಿತ್ರಗಾರರ ಮನೆತನಗಳಲ್ಲಿ ಕುಂಚವೆನ್ನುವುದು ತಂದೆಯಿಂದ ಮಗನ ಕೈಗೆ ಬರುತ್ತಿದ್ದ ಆಸ್ತಿ. 1886ರಲ್ಲಿ ಅಂಥದೊಂದು ಮನೆಯಲ್ಲಿ ಕೆ. ವೆಂಕಟಪ್ಪನವರು ಹುಟ್ಟಿದರು. ತಂದೆ ಕೃಷ್ಣಪ್ಪನವರು ಅರಮನೆಯ ಚಿತ್ರಗಾರರು. ದೇವರ ಒಡವೆಗಳನ್ನು ಮಕ್ಕು ಸಫೇದ ಎಂಬ ಲೇಪದಿಂದ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸಿ ತಿಕ್ಕುವ ಮೈಸೂರು ಶೈಲಿಯ ಕೆಲಸವನ್ನು ಹುಡುಗ ನೋಡುತ್ತಲೇ ಬೆಳೆದ.

ಹಾಗೆಯೇ ಬಿಟ್ಟಿದ್ದರೆ ವೆಂಕಟಪ್ಪ ಒಳ್ಳೆಯ ಸಾಂಪ್ರದಾಯಿಕ ಚಿತ್ರಗಾರರಾಗಿ ಉಳಿಯುತ್ತಿದ್ದರೇನೋ. ನಾಲ್ವಡಿ ಕೃಷ್ಣರಾಜ ಒಡೆಯರು ಹಾಗೆ ಬಿಡಲಿಲ್ಲ. ಅರಮನೆಯ ನೆರವಿನಿಂದ 1909ರಲ್ಲಿ ವೆಂಕಟಪ್ಪ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಗುರುಗಳು ಅವನೀಂದ್ರನಾಥ ಠಾಕೂರರು, ಸಹಪಾಠಿ ನಂದಲಾಲ್ ಬೋಸ್. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದು 1913ರಲ್ಲಿ ಹೊರಬಂದ ಪುರಾಣಕಥೆಗಳ ಪುಸ್ತಕದಲ್ಲಿ, ರಾಮಾಯಣದ ಹಲವು ಚಿತ್ರಗಳು ಈ ಮೈಸೂರಿನ ವಿದ್ಯಾರ್ಥಿಯವು.

1916ರಲ್ಲಿ ಊರಿಗೆ ಮರಳಿದ ಮೇಲೆ ಅವರಿಗೆ ಹಿಡಿದದ್ದು ವೀಣೆಯ ಗೀಳು. ವೀಣೆ ಶೇಷಣ್ಣನವರಲ್ಲಿ ಶಿಷ್ಯರಾದರು. ಆ ಗೀಳನ್ನೇ ವಸ್ತುವಾಗಿಸಿ 'ವೀಣೆಯ ಹುಚ್ಚು' ಎಂಬ ಚಿತ್ರವನ್ನೂ ಬರೆದರು.

ಅವರ ನಿಜವಾದ ಎತ್ತರ ಕಾಣುವುದು 1926ರ ಊಟಿಯ ಜಲವರ್ಣಗಳಲ್ಲಿ. ಅಲ್ಲಿ ರಾಜರಿಲ್ಲ, ದೇವತೆಗಳಿಲ್ಲ, ಚಿನ್ನದ ರೇಕಂತೂ ಇಲ್ಲವೇ ಇಲ್ಲ. ಕಣಿವೆಯಿಂದ ಮೇಲೇಳುವ ಮಂಜು, ಒಡೆಯುವ ಮಳೆಮೋಡ, ಬೆಳದಿಂಗಳು: ಇಷ್ಟೇ. ಬಣ್ಣ ಎಷ್ಟು ತೆಳುವೆಂದರೆ ದೂರದ ಗುಡ್ಡ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಆಸ್ಥಾನದ ಚಿತ್ರಗಾರನೊಬ್ಬ ಆಸ್ಥಾನವನ್ನು ಪೂರ್ತಿ ಮರೆತು ಬರೆದ ಚಿತ್ರಗಳಿವು. ನಮ್ಮ ನಾಡಿನ ಆಧುನಿಕ ನಿಸರ್ಗಚಿತ್ರದ ಮೊದಲ ದೊಡ್ಡ ಸಾಧನೆ ಇದೇ ಎನ್ನಲು ಅಳುಕಬೇಕಿಲ್ಲ. 1934ರಲ್ಲಿ ಕೊಡೈಕನಾಲಿನಲ್ಲೂ ಇದೇ ತಪಸ್ಸು ಮುಂದುವರಿಯಿತು.

ಅರಮನೆಗಾಗಿ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. ಆದರೆ 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅವರೊಂದಿಗೆ ಆಶ್ರಯವೂ ಹೋಯಿತು. ಒಬ್ಬ ದೊರೆಯ ಅಭಿರುಚಿಯನ್ನೇ ನಂಬಿದ ಬದುಕಿಗೆ ಇದು ದೊಡ್ಡ ಪೆಟ್ಟು. ವೆಂಕಟಪ್ಪ ಮೈಸೂರು ಬಿಟ್ಟು ಬೆಂಗಳೂರಿಗೆ ಬಂದರು. ಮದುವೆಯಾಗಲಿಲ್ಲ, ಚಿತ್ರಗಳನ್ನು ಸುಲಭವಾಗಿ ಮಾರಲೂ ಇಲ್ಲ. 1965ರಲ್ಲಿ ನಿಧನರಾದರು.

ಹೀಗೆ ಮಾರದೆ ಉಳಿಸಿಕೊಂಡದ್ದು ಇಂದು ನಾಡಿನ ಸೊತ್ತು. ಆ ಚಿತ್ರಗಳಿರುವ, ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನದ ಉಸ್ತುವಾರಿಗೆ ಒಪ್ಪಿಸುವ ಪ್ರಸ್ತಾಪ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಅವರು ಮಾಡಿದ್ದು ಸರಿ. ಕಬ್ಬನ್ ಪಾರ್ಕಿನತ್ತ ಹೋದಾಗ ಓದುಗರೂ ಒಮ್ಮೆ ಒಳಹೊಕ್ಕು ಆ ಊಟಿಯ ಚಿತ್ರಗಳನ್ನು ಕೇಳಿ ನೋಡಬೇಕು.